ದಸರೆಗೆ ಹೊರಟ ಸವಾರ, ಮೃಗಶಿರೆಗೆ ಮರಳಿದ ರೈತ: ಕಲ್ಯಾಣ–ಠಾಣೆ ಸೀಮೆಯ ಒಂದು ಸಂಸಾರದ ಚರಿತ್ರೆ

ಕಲ್ಯಾಣದ ಚರಿತ್ರೆ ಬರೆಯುವವರು ಉಲ್ಹಾಸ ನದಿಯ ಖಾಡಿಯ (ಅಳಿವೆಯ) ಮೇಲಿನ ದುರ್ಗಾಡಿ ಕೋಟೆಯಿಂದ ಶುರುಮಾಡುತ್ತಾರೆ. ಠಾಣೆಯ ಚರಿತ್ರೆ ಪೋರ್ಚುಗೀಸರು ಕಟ್ಟಲು ತೊಡಗಿ ಮುಗಿಸುವ ಮೊದಲೇ ಮರಾಠರ ಪಾಲಾದ ಕೋಟೆಯಿಂದ ಶುರುವಾಗುತ್ತದೆ. ಡೊಂಬಿವಲಿಯದು ರೈಲು ನಿಲ್ದಾಣದಿಂದ, ನವಿ ಮುಂಬಯಿಯದು 1970ರಲ್ಲಿ ನಗರ ಕಟ್ಟುವ ನಿಗಮ ಸಿಡ್ಕೊ ಸ್ಥಾಪನೆಯಾದಲ್ಲಿಂದ. ಕೋಟೆ, ರೈಲು, ನಿಗಮ ಯಾವುದೂ ಸುಳ್ಳಲ್ಲ. ಆದರೆ ಇವೆಲ್ಲ ಹೊರಗಿನಿಂದ ಬಂದು ಈ ನೆಲದ ಮೇಲೆ ಕುಳಿತಂಥವು. ನೆಲದಲ್ಲೇ ಇದ್ದದ್ದು ಭತ್ತ ಬೆಳೆಯುವ ಸಂಸಾರ. ಆ ಸಂಸಾರ ಬರಿಯ ರೈತಾಪಿ ಸಂಸಾರವೂ ಆಗಿರಲಿಲ್ಲ. ದಂಡಿಗೆ ಆಳು ಕೊಡುತ್ತಿದ್ದ, ದಂಡಿನ ಕುದುರೆಗೆ ಹುಲ್ಲು ಕೊಡುತ್ತಿದ್ದ, ದಂಡು ಮುಗಿದ ಮೇಲೆ ಆಳನ್ನು ಮರಳಿ ಗದ್ದೆಗೆ ಇಳಿಸಿಕೊಳ್ಳುತ್ತಿದ್ದ ಸಂಸಾರ ಅದು. ಮರಾಠರ ಕಾಲದ ಸವಾರಿಕೆ ಬೇಸಾಯದಿಂದ ಬೇರೆಯಾದ ವೃತ್ತಿಯಾಗಿರಲಿಲ್ಲ, ಬೇಸಾಯದ್ದೇ ಒಂದು ಕವಲಾಗಿತ್ತು. ಆ ಕವಲು ಒಣಗದಂತೆ ನೋಡಿಕೊಂಡವರು ಕುದುರೆಯ ಮೇಲಿದ್ದವರಲ್ಲ, ಮನೆಯಲ್ಲಿದ್ದವರು. ಹಾಗಾಗಿ ಈ ಊರುಗಳ ಚರಿತ್ರೆಯನ್ನು ಕೋಟೆಯ ಬಾಗಿಲಿನಿಂದಲ್ಲ, ಮನೆಯ ಪಡಸಾಲೆಯಿಂದ ಓದಬೇಕು ಎಂಬುದು ಈ ಬರಹದ ವಾದ.

ಈ ಸೀಮೆಗೂ ಕನ್ನಡ ನಾಡಿಗೂ ಇರುವ ನಂಟನ್ನು ಹೋಟೆಲು ತೆರೆಯಲು ಬಂದ ನಮ್ಮವರಿಂದ ಎಣಿಸುವುದು ರೂಢಿ. ಅದಕ್ಕಿಂತ ಹಳೆಯ ನಂಟುಗಳಿವೆ. ಕಾನ್ಹೇರಿ ಗುಹೆಗಳ ಒಂಬತ್ತನೆಯ ಶತಮಾನದ ಶಾಸನಗಳಲ್ಲಿ ಕೊಂಕಣದ ಶಿಲಾಹಾರರು ರಾಷ್ಟ್ರಕೂಟ ಅಮೋಘವರ್ಷನ ಸಾಮಂತರಾಗಿ ಕಾಣಿಸುತ್ತಾರೆ. 1636ರ ಒಪ್ಪಂದದ ಬಳಿಕ ಕಲ್ಯಾಣ, ಭಿವಂಡಿ ಪ್ರದೇಶ ವಿಜಾಪುರದ ಆದಿಲಶಾಹಿಗೆ ಸೇರಿತು. ಅದನ್ನು ಆಳಲು ನೇಮಕವಾದ ಮುಲ್ಲಾ ಅಹಮದ್ ನವಾಯತ ಮನೆತನದವನು, ಎಂದರೆ ನಮ್ಮ ಭಟ್ಕಳದಲ್ಲಿ ಇಂದಿಗೂ ಇರುವ ಸಮುದಾಯದವನು. 1657ರ ಅಕ್ಟೋಬರಿನಲ್ಲಿ ಶಿವಾಜಿಯ ದಂಡು ಕಲ್ಯಾಣ ಮತ್ತು ಭಿವಂಡಿಯನ್ನು ಹಿಡಿದದ್ದು ವಿಜಾಪುರದ ಕೈಯಿಂದಲೇ. ಘಟ್ಟದ ಮೇಲಿನ ಸಾಮ್ರಾಜ್ಯಗಳಿಗೆ ಕಲ್ಯಾಣ ಬೇಕಾಗಿದ್ದುದಕ್ಕೆ ಕಾರಣ ಭೂಗೋಳ. ನಾಣೇಘಾಟ, ಮಾಳಶೇಜ, ಬೋರಘಾಟ, ಕಸಾರೆಯ ಥಳಘಾಟ, ಈ ನಾಲ್ಕೂ ಇಳಿದಾರಿಗಳು ಕಲ್ಯಾಣದತ್ತ ಕೂಡುತ್ತವೆ, ಕಲ್ಯಾಣದಿಂದ ಖಾಡಿ ಸಮುದ್ರಕ್ಕೆ ಒಯ್ಯುತ್ತದೆ. ದಾರಿ ಇದ್ದಲ್ಲಿ ದಂಡು ಇಳಿಯುತ್ತದೆ; ದಂಡು ಇಳಿದಲ್ಲಿ ಅದನ್ನು ಸಾಕುವ ಹೊರೆ ಹತ್ತಿರದ ಹಳ್ಳಿಯ ಮೇಲೆ ಬೀಳುತ್ತದೆ.

ಮೊದಲ ಸಾಕ್ಷಿ ಪಂಚಾಂಗದ್ದು. ಕೃಷ್ಣಾಜಿ ಅನಂತ ಸಭಾಸದ 1690ರ ದಶಕದಲ್ಲಿ ಜಿಂಜಿಯಲ್ಲಿ ಕುಳಿತು ಬರೆದ ಬಖರಿನಲ್ಲಿ, ಎಂದರೆ ಗದ್ಯ ಚರಿತ್ರೆಯಲ್ಲಿ, ಶಿವಾಜಿಯ ಸೇನೆಯ ವಾರ್ಷಿಕ ನಡೆ ಸ್ಪಷ್ಟವಾಗಿದೆ. ದಸರೆಗೆ ದಂಡು ಹೊರಡಬೇಕು, ಎಂಟು ತಿಂಗಳು ಪರಮುಲಕಿನಲ್ಲಿ ಹೊಟ್ಟೆ ಹೊರೆಯಬೇಕು, ವೈಶಾಖದಲ್ಲಿ ಮರಳಬೇಕು, ಮಳೆಗಾಲದಲ್ಲಿ ನೆಲೆವೀಡಿನಲ್ಲಿ ನಿಲ್ಲಬೇಕು. ಅಲ್ಲಿ ಕಾಳು, ಹುಲ್ಲು, ಔಷಧ, ಕುದುರೆಗೆ ಲಾಯ ಎಲ್ಲ ಮೊದಲೇ ಸಿದ್ಧವಿರಬೇಕು. ಹೊರಡುವಾಗ ಪ್ರತಿಯೊಬ್ಬನ ಸಾಮಾನಿನ ಪಟ್ಟಿ, ಮರಳಿದಾಗ ಅದರ ತಪಾಸಣೆ. ದಂಡಿನ ಜೊತೆ ಹೆಂಗಸರು ಇರಕೂಡದು, ಇಟ್ಟುಕೊಂಡವನಿಗೆ ಮರಣದಂಡನೆ. ಈ ಕೊನೆಯ ಕಟ್ಟಳೆಯನ್ನು ಇತಿಹಾಸಕಾರರು ಶಿಸ್ತಿನ ನಿದರ್ಶನವಾಗಿ ಉದಾಹರಿಸುತ್ತಾರೆ. ಅದು ನಿಜ. ಆದರೆ ಅದೇ ಕಟ್ಟಳೆಯನ್ನು ಮನೆಯ ಕಡೆಯಿಂದ ಓದಿದರೆ ಇನ್ನೊಂದು ಅರ್ಥ ಹೊಮ್ಮುತ್ತದೆ: ವರ್ಷದ ಮೂರರಲ್ಲಿ ಎರಡು ಪಾಲು ಕಾಲ ಸವಾರನ ಹೆಂಡತಿ ಗಂಡನಿಲ್ಲದ ಮನೆಯ ಯಜಮಾನಿ. ಅವಳು ಯಜಮಾನಿಯಾದದ್ದು ಆಕಸ್ಮಿಕವಲ್ಲ. ರಾಜ್ಯದ ಕಟ್ಟಳೆಯೇ ಹಾಗೆ ಮಾಡಿತ್ತು. ಜಗತ್ತಿನ ಹಲವು ಸೈನ್ಯಗಳಲ್ಲಿ ಹೆಂಡಿರು ಮಕ್ಕಳು ದಂಡಿನ ಹಿಂದೆ ಗಾಡಿಗಳಲ್ಲಿ ಅಲೆಯುತ್ತಿದ್ದರು. ಮರಾಠರ ದಂಡಿನಲ್ಲೂ ಮುಂದೆ ಪೇಶ್ವೆಗಳ ಕಾಲಕ್ಕೆ ಅದೇ ಆಯಿತು. ಮೊದಲ ಸವಾರರ ಕಾಲದಲ್ಲಿ ಮಾತ್ರ ಮನೆ ಒಂದೆಡೆ, ದಂಡು ಒಂದೆಡೆ.

ಎಂಟು ತಿಂಗಳೆಂದರೆ ಯಾವ ಎಂಟು ತಿಂಗಳು ಎಂಬುದನ್ನು ಗದ್ದೆಯ ಲೆಕ್ಕದಲ್ಲಿ ನೋಡಬೇಕು. ಕೊಂಕಣದ ಭತ್ತ ಒಂದೇ ಬೆಳೆಯದು, ಮಳೆಯದು. ಗಂಡಸು ತನ್ನ ಸೀಮೆಗೆ ಮರಳಿರುವ ಆಷಾಢ, ಶ್ರಾವಣದಲ್ಲಿ ಉಳುಮೆ, ನಾಟಿ. ಆದರೆ ಭತ್ತದ ಕೊಯ್ಲು ದಸರೆಯ ಆಸುಪಾಸಿಗೆ ಶುರುವಾಗಿ ಕಾರ್ತಿಕದವರೆಗೆ ನಡೆಯುತ್ತದೆ. ಸೀಮೋಲ್ಲಂಘನದ ಬನ್ನಿ ಮುಡಿದು ಸವಾರ ಹೊರಟಾಗ ತೆನೆ ಗದ್ದೆಯಲ್ಲೇ ಇರುತ್ತದೆ. ಕೊಯ್ಲು, ಬಡಿತ, ತೂರುವುದು, ಕಣಜ ಕಟ್ಟುವುದು, ಕಂದಾಯದ ಪಾಲು ಅಳೆದು ಕೊಡುವುದು ಎಲ್ಲ ಉಳಿದವರ ಪಾಲಿಗೆ. ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದಿದೆ, ಅದು ಠಾಣೆ ಜಿಲ್ಲೆಯ ಬೇಸಾಯದ ಜೀವಾಳ: ರಾಬ್. ಸಸಿಮಡಿ ಮಾಡುವ ಗದ್ದೆಯ ಮೇಲೆ ಚಳಿಗಾಲ ಕಳೆದದ್ದೇ ಸೆಗಣಿಯನ್ನು ಹರಡುತ್ತಾರೆ; ಅದರ ಮೇಲೆ ಕಡಿದು ಒಣಗಿಸಿದ ಸೊಪ್ಪುಕೊಂಬೆ, ಅದರ ಮೇಲೆ ತರಗೆಲೆ ಮತ್ತು ಒಣಹುಲ್ಲು, ಎಲ್ಲದರ ಮೇಲೆ ಗಾಳಿಗೆ ಹಾರದಂತೆ ಮಣ್ಣಿನ ಪುಡಿ. ಬೇಸಗೆಯಲ್ಲಿ ಅದಕ್ಕೆ ಬೆಂಕಿ ಇಟ್ಟು, ಭಗ್ಗನೆ ಉರಿದುಹೋಗದೆ ಗಾಳಿಗೆದುರಾಗಿ ಮೆಲ್ಲಗೆ ಬೇಯುವಂತೆ ಕಾಯಬೇಕು. ಮಣ್ಣು ಕಾದು, ಕಳೆಯ ಬೀಜ ಸತ್ತು, ಬೂದಿ ಬೆರೆತ ಮಡಿಯಲ್ಲಿ ಮೊದಲ ಮಳೆಗೆ ಬಿತ್ತಿದ ಭತ್ತ ಕಪ್ಪಗೆ ಹಸಿರಾಗಿ ಏಳುತ್ತದೆ. ಕರಾವಳಿಯ ನಮ್ಮವರಿಗೆ ಇದು ಹೊಸದಲ್ಲ, ಸುಡುಮಣ್ಣು ಮಾಡಿದವರಿಗೆ ರಾಬ್ ನೋಡಿದೊಡನೆ ಗೊತ್ತಾಗುತ್ತದೆ. ಈ ಸೊಪ್ಪು ಕಡಿಯುವುದು, ಹೊರುವುದು, ಹರಡುವುದು, ಸುಡುವುದು ಮಾಘದಿಂದ ವೈಶಾಖದೊಳಗಿನ ಕೆಲಸ. ಸವಾರ ಆಗ ಖಾನದೇಶದಲ್ಲೋ ಕರ್ನಾಟಕದಲ್ಲೋ ಇದ್ದಾನೆ. ರಾಬ್ ಆಗದಿದ್ದರೆ ಸಸಿ ಇಲ್ಲ, ಸಸಿ ಇಲ್ಲದಿದ್ದರೆ ಅವನು ಮರಳಿ ಬಂದು ನಾಟಿ ಮಾಡಲು ಏನೂ ಇಲ್ಲ.

ಇದು ನನ್ನ ಊಹೆಯಷ್ಟೇ ಎನ್ನಬಹುದು. ಹೌದು, ಹದಿನೇಳನೆಯ ಶತಮಾನದಲ್ಲಿ ಇಂಥ ಹಳ್ಳಿಯ ಇಂಥ ಹೆಂಗಸು ರಾಬ್ ಸುಟ್ಟಳು ಎಂದು ಬರೆದಿಟ್ಟ ಕಾಗದವನ್ನು ಯಾರೂ ತೋರಿಸಲಾರರು. ಆದರೆ ಎರಡು ಗಟ್ಟಿ ಸಂಗತಿಗಳನ್ನು ಕೂಡಿಸಿದಾಗ ಬರುವ ಮೂರನೆಯದನ್ನು ಊಹೆ ಎಂದು ತಳ್ಳಿಹಾಕುವಂತಿಲ್ಲ. ಗಂಡಸು ಎಂದು ಮನೆಯಲ್ಲಿರಲಿಲ್ಲ ಎಂಬುದನ್ನು ಬಖರು ಹೇಳುತ್ತದೆ. ಬೇಸಾಯಕ್ಕೆ ಎಂದು ಕೈ ಬೇಕು ಎಂಬುದನ್ನು ನೆಲ ಹೇಳುತ್ತದೆ. ರಾಬ್ ಎಷ್ಟು ಮಂದಿಯ ಕೆಲಸ ಎಂಬುದಕ್ಕೆ ಬ್ರಿಟಿಷ್ ಕಾಲದ ದಾಖಲೆಗಳು ಧಾರಾಳವಾಗಿವೆ. ಅರಣ್ಯ ಇಲಾಖೆ ಸೊಪ್ಪು ಕಡಿಯುವುದಕ್ಕೆ ತಡೆ ಹಾಕಿದಾಗ ಠಾಣೆ, ಕೊಲಾಬಾ ಜಿಲ್ಲೆಗಳ ರೈತರು ಎಷ್ಟು ಗಟ್ಟಿಯಾಗಿ ದನಿಯೆತ್ತಿದರೆಂದರೆ 1880ರ ದಶಕದಲ್ಲಿ ಮುಂಬಯಿ ಸರಕಾರ ಅದಕ್ಕಾಗಿಯೇ ಅರಣ್ಯ ಆಯೋಗವನ್ನು ಕೂರಿಸಬೇಕಾಯಿತು. ಒಬ್ಬಿಬ್ಬರು ಗಂಡಸರು ಬಿಡುವಿನಲ್ಲಿ ಮಾಡಿ ಮುಗಿಸುವ ಕೆಲಸವಾಗಿದ್ದರೆ ಅದಕ್ಕಾಗಿ ಎರಡು ಜಿಲ್ಲೆ ಎದ್ದು ನಿಲ್ಲುತ್ತಿರಲಿಲ್ಲ.

ಎರಡನೆಯ ಸಾಕ್ಷಿ ಕುದುರೆಯದೇ. ಮರಾಠರ ಸವಾರರಲ್ಲಿ ಎರಡು ಬಗೆ. ಬಾರ್ಗೀರನಿಗೆ ಕುದುರೆ, ಆಯುಧ ಸರಕಾರದ್ದು, ಅವನು ಪಾಗೆಯ, ಎಂದರೆ ಸರಕಾರಿ ಲಾಯದ, ಸಂಬಳದಾಳು. ಶಿಲೇದಾರ ತನ್ನದೇ ಕುದುರೆ, ತನ್ನದೇ ಆಯುಧ ತಂದವನು. ಇಪ್ಪತ್ತೈದು ಬಾರ್ಗೀರರಿಗೆ ಒಬ್ಬ ಹವಾಲ್ದಾರ, ಐವರು ಹವಾಲ್ದಾರರಿಗೆ ಒಬ್ಬ ಜುಮಲೇದಾರ, ಇಪ್ಪತ್ತೈದು ಕುದುರೆಗೆ ಒಬ್ಬ ನೀರು ಹೊರುವವ, ಒಬ್ಬ ನಾಲು ಕಟ್ಟುವವ ಎಂಬ ಶ್ರೇಣಿಯನ್ನು ಎಲ್ಲರೂ ಬರೆಯುತ್ತಾರೆ. ಶಿಲೇದಾರನ ಕುದುರೆಯ ಹಿಂದಿನ ಮನೆಯ ಲೆಕ್ಕವನ್ನು ಬರೆಯುವವರು ಕಡಿಮೆ. ರೈತನೊಬ್ಬನಿಗೆ ಕುದುರೆಯೆಂದರೆ ಜಮೀನು ಬಿಟ್ಟರೆ ಮನೆಯ ಅತಿ ದೊಡ್ಡ ಬಂಡವಾಳ. ಅದು ಯುದ್ಧದಲ್ಲಿ ಸತ್ತರೆ ಸವಾರ ಆ ಹೊತ್ತಿಗೇ ಕಾಲಾಳು. ಊರಿಗೆ ಮರಳಿದರೆ ಸಾಲಗಾರ. ಆ ಕಾಲದ ವಿದೇಶೀ ಬರಹಗಾರರು ಶಿಲೇದಾರರು ಮೈಮೇಲೆ ಬಿದ್ದು ಹೋರಾಡದೆ ಹಿಂಜರಿಯುತ್ತಿದ್ದರು ಎಂದು ಹಂಗಿಸಿದ್ದಾರೆ. ಅದು ಹೇಡಿತನವಲ್ಲ. ತಲೆಮಾರಿನ ಉಳಿತಾಯದ ಮೇಲೆ ಕುಳಿತವನು ಅದನ್ನು ಭರ್ಚಿಯ ಬಾಯಿಗೆ ಕೊಡುವ ಮುಂಚೆ ಎರಡು ಸಲ ಯೋಚಿಸುತ್ತಾನೆ. ಆಳರಸರಿಗೂ ಇದು ಗೊತ್ತಿತ್ತು. ಆದ್ದರಿಂದಲೇ ಕಾಳಗದಲ್ಲಿ ಕುದುರೆ ಕಳೆದುಕೊಂಡವರಿಗೆ ಪರಿಹಾರ ಕೊಡುವ ವಾಡಿಕೆ ಇತ್ತು. ಸತ್ತ ಸವಾರನ ಮಕ್ಕಳ ಪಾಲನೆಗೆ ಬಾಲಪರವೇಶಿ ಎಂಬ ಹೆಸರಿನ ಜೀವನಾಂಶವಿತ್ತು. ಮರಾಠರ ಆಡಳಿತದ ಬಗ್ಗೆ ಸುರೇಂದ್ರನಾಥ ಸೇನರಂಥವರು ಮಾಡಿದ ಅಧ್ಯಯನಗಳಲ್ಲಿ ಇದರ ಉಲ್ಲೇಖಗಳಿವೆ. ನನ್ನ ವಾದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಡ. ಸೈನಿಕನೊಬ್ಬನನ್ನು ಒಂಟಿ ಆಳೆಂದು ನೋಡುವ ರಾಜ್ಯ ಅವನ ಸಂಬಳ ನಿಲ್ಲಿಸಿ ಸುಮ್ಮನಾಗುತ್ತದೆ. ಬಾಲಪರವೇಶಿ ಕೊಡುವ ರಾಜ್ಯಕ್ಕೆ ತಾನು ಕಟ್ಟಿಕೊಂಡದ್ದು ಸಂಸಾರವನ್ನು ಎಂಬ ಅರಿವಿದೆ.

ಇಲ್ಲಿ ದೊಡ್ಡ ಆಕ್ಷೇಪವೊಂದು ಎದುರಾಗುತ್ತದೆ, ಅದನ್ನು ಹಗುರವಾಗಿ ತಳ್ಳಬಾರದು. ಕೊಂಕಣ ಕುದುರೆಯ ನಾಡೇ ಅಲ್ಲ. ಕುದುರೆಗೆ ಬೇಕಾದ ಒಣ ಹವೆ, ಬಯಲು, ಹುರುಳಿ, ಕಡಲೆ ಎಲ್ಲ ಘಟ್ಟದ ಮೇಲಿನವು. ಭೀಮಾ ಕಣಿವೆಯ ಭೀಮಥಡಿ ಕುದುರೆಯೇ ಮರಾಠ ಸವಾರನ ಕುದುರೆ. ನಾಲ್ಕು ತಿಂಗಳು ಎಡೆಬಿಡದೆ ಸುರಿಯುವ ಕೆಸರಿನಲ್ಲಿ ಗೊರಸು ಕೊಳೆಯುತ್ತದೆ. ಕೊಂಕಣ ಕೊಟ್ಟದ್ದು ಹೇಟಕರಿ ಎಂಬ ಬಂದೂಕಿನ ಕಾಲಾಳುಗಳನ್ನು, ಕೋಳಿ ಎಂಬ ಮೀನುಗಾರ ಸಮುದಾಯದ ನಾವಿಕರನ್ನು. ಈ ನೆಲದಲ್ಲಿ ಕಾಳಗ ಮಾಡಿದ ರಾವುತರು ಮೇಲಿನಿಂದ ಇಳಿದವರು. 1780ರ ಡಿಸೆಂಬರಿನಲ್ಲಿ ಭಿವಂಡಿ ತಾಲೂಕಿನ ದುಗಾಡದ ಬಳಿ ಬ್ರಿಟಿಷ್ ಕರ್ನಲ್ ಹಾರ್ಟ್ಲಿಯ ಪಡೆಯ ಮೇಲೆ ಎರಗಿ ಮಡಿದ ಮರಾಠ ಸರದಾರ ರಾಮಚಂದ್ರ ಗಣೇಶನ ಸವಾರರೂ ಘಟ್ಟ ಇಳಿದು ಬಂದವರೇ. ಹಾಗಿದ್ದ ಮೇಲೆ ಕಲ್ಯಾಣದ ರೈತನನ್ನು ಸವಾರನೆಂದು ಕರೆಯುವುದು ಹೇಗೆ?

ಆಕ್ಷೇಪದ ಅರ್ಧವನ್ನು ಒಪ್ಪಲೇಬೇಕು. ಕಲ್ಯಾಣದ ಮನೆಮನೆಯಲ್ಲೂ ಕುದುರೆ ಕಟ್ಟಿತ್ತೆಂದು ಹೇಳಿದರೆ ಅದು ಸುಳ್ಳು. ಆದರೆ ಆಕ್ಷೇಪ ಎತ್ತಿ ತೋರಿಸುವ ಕೋಳಿ ನಾವಿಕನನ್ನೇ ಗಮನಿಸಿ. ಅವನ ಪಂಚಾಂಗವೂ ಅದೇ. ಮಳೆಗಾಲದಲ್ಲಿ ದೋಣಿ ದಡಕ್ಕೆ, ನಾರಳೀ ಪೂರ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಕೊಟ್ಟು ಮತ್ತೆ ನೀರಿಗೆ. ಶಿವಾಜಿ ಕಲ್ಯಾಣದ ಖಾಡಿಯಲ್ಲಿ ಹಡಗು ಕಟ್ಟಿಸಲು ತೊಡಗಿದಾಗ ಹತ್ತಿದವರೂ ಹೀಗೆ ಋತು ನೋಡಿ ಮನೆ ಬಿಟ್ಟವರೇ. ಕುದುರೆ, ದೋಣಿ, ಬಂದೂಕು ಯಾವುದಾದರೇನು, ಆಳನ್ನು ಕಳಿಸಿ ಋತುವಿಗೆ ಮರಳಿ ಪಡೆಯುವ ಸಂಸಾರದ ಲೆಕ್ಕ ಒಂದೇ. ಜೊತೆಗೆ ಘಟ್ಟದ ಮೇಲಿನ ಸವಾರ ಬರಿಯ ದಾರಿಹೋಕನಾಗಿ ಉಳಿಯಲಿಲ್ಲ. ಸಹ್ಯಾದ್ರಿಯ ಎರಡೂ ಮಗ್ಗುಲಿನ ಮರಾಠ ಮತ್ತು ಬೇಸಾಯಗಾರ ಕುಣಬಿ ಮನೆತನಗಳ ನಡುವೆ ಕೊಡುಕೊಳೆ ಇತ್ತು. ಇನಾಮು, ವತನದ ಆಸೆಗೆ, ಕಚೇರಿಯ ಚಾಕರಿಗೆ ಜನ ಇಳಿದು ಬಂದು ನೆಲೆನಿಂತರು. ಕಲ್ಯಾಣದಲ್ಲಿ ಸುಭೇದಾರ ರಾಮಾಜಿ ಮಹಾದೇವ ಬಿವಲ್ಕರರ ವಾಡೆ ಇಂದು ಶಾಲೆಯಾಗಿದೆ, ಅಲ್ಲಿನ ಗಣೇಶೋತ್ಸವ ನೂರು ವರ್ಷ ದಾಟಿದೆ. ವಾಡೆ ಕಲ್ಲಿನದು, ಉಳಿಯಿತು. ಆ ಸುಭೇದಾರನ ಕೈಕೆಳಗೆ ಓಲೆ ಹೊತ್ತು ಓಡಿದ, ಕಂದಾಯ ಕಾಯ್ದ ಸವಾರನ ಮನೆ ಕಾರವಿ ಕಡ್ಡಿ ಹೆಣೆದು ಸೆಗಣಿ ಬಳಿದ ಗೋಡೆಯದು, ಮೇಲೆ ಭತ್ತದ ಹುಲ್ಲು. ಅಂಥ ಮನೆ ಎರಡು ಮಳೆಗಾಲ ಯಾರೂ ಮುಟ್ಟದಿದ್ದರೆ ಮಣ್ಣಾಗುತ್ತದೆ. ಉಳಿಯದ್ದು ಇರಲೇ ಇಲ್ಲ ಎನ್ನುವುದು ಚರಿತ್ರೆಯಲ್ಲ.

ಇನ್ನೊಂದು ಆಕ್ಷೇಪ ನೈತಿಕವಾದದ್ದು: ಸವಾರನನ್ನು ರೈತನ ಅಣ್ಣನಂತೆ ಬಣ್ಣಿಸುವುದು ಎಷ್ಟು ಸರಿ? ದಂಡು ಬಂತೆಂದರೆ ಹಳ್ಳಿ ಖಾಲಿಯಾಗುತ್ತಿತ್ತು. ಕನ್ನಡ ನಾಡಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮರಾಠರ ಕುದುರೆಗಳು ತುಳಿದ ನೆನಪು ಶೃಂಗೇರಿಯವರೆಗೆ ಇದೆ. ನಿಜ, ಒಂದು ನಾಡಿನ ರೈತನ ಮಗ ಇನ್ನೊಂದು ನಾಡಿನ ರೈತನ ಕಣಜಕ್ಕೆ ಕೈ ಹಾಕಿದ್ದಾನೆ. ಎಂಟು ತಿಂಗಳು ಪರಮುಲಕಿನಲ್ಲಿ ಹೊಟ್ಟೆ ಹೊರೆಯುವುದೆಂದರೆ ಅದೇ ತಾನೆ. ಇದನ್ನು ಮುಚ್ಚಿಟ್ಟು ಸವಾರನ ಸಂಸಾರವನ್ನು ಹೊಗಳಿದರೆ ಬರಹ ಸುಳ್ಳಾಗುತ್ತದೆ. ಆದರೆ ತನ್ನದೇ ನಾಡಿನಲ್ಲಿ ಸವಾರ ಮತ್ತು ರೈತರ ನಡುವಿನ ಗೆರೆ ಎಷ್ಟು ತೆಳು ಎಂಬುದು ಶಿವಾಜಿಗೆ ಗೊತ್ತಿತ್ತು ಎನ್ನಲು 1670ರ ದಶಕದ ಆರಂಭದ ಪತ್ರವೊಂದಿದೆ. ಇದೇ ಕೊಂಕಣದ ಚಿಪಳೂಣದಲ್ಲಿ ಮಳೆಗಾಲ ಕಳೆಯಲು ನಿಂತ ರಾವುತರ ಅಧಿಕಾರಿಗಳಿಗೆ ಬರೆದದ್ದು ಅದು. ಕೂಡಿಟ್ಟ ಕಾಳು, ಹುಲ್ಲನ್ನು ಈಗಲೇ ಬೇಕಾಬಿಟ್ಟಿ ತಿನ್ನಿಸಿ ಮುಗಿಸಿದರೆ ಮಳೆ ಕಚ್ಚಿಕೊಂಡಾಗ ಕುದುರೆ ಸಾಯುತ್ತವೆ, ಕೊಂದವರು ನೀವೇ ಎಂದಂತಾಗುತ್ತದೆ ಎನ್ನುತ್ತದೆ ಆ ಪತ್ರ. ಆಮೇಲೆ ನೀವು ಕುಣಬಿಗಳ ಮನೆಗೆ ನುಗ್ಗಿ ಒಬ್ಬ ಕಾಳು, ಒಬ್ಬ ರೊಟ್ಟಿ, ಒಬ್ಬ ಹುಲ್ಲು, ಒಬ್ಬ ಸೌದೆ, ಒಬ್ಬ ಸೊಪ್ಪು ತರತೊಡಗುತ್ತೀರಿ; ಹೇಗೋ ಜೀವ ಹಿಡಿದ ರೈತರು ಊರು ಬಿಡುತ್ತಾರೆ, ಮೊಗಲರಿಗಿಂತ ನೀವೇ ಕಡೆಯಾದಿರಿ ಎನ್ನುತ್ತಾರೆ ಎಂದು ಎಚ್ಚರಿಸುತ್ತದೆ. ಹುಲ್ಲಿನ ಬಣವೆಯ ಬಳಿ ಒಲೆ ಹಚ್ಚಬೇಡಿ, ತಂಬಾಕು ಸೇದಬೇಡಿ, ರಾತ್ರಿ ದೀಪ ಉರಿಯುತ್ತಿದ್ದರೆ ಇಲಿ ಬತ್ತಿಯನ್ನು ಎಳೆದೊಯ್ದು ಬಣವೆಗೆ ಬೆಂಕಿ ಹತ್ತೀತು ಎನ್ನುವಷ್ಟು ಸಣ್ಣ ವಿವರ ಅದರಲ್ಲಿದೆ. ಹುಲ್ಲಿನ ಬಣವೆ ಯಾವ ಮನೆಯ ಬೆವರು ಎಂಬುದನ್ನು ಬಲ್ಲವನು ಮಾತ್ರ ಇಲಿಯ ಬಗ್ಗೆ ಬರೆಯಬಲ್ಲ. ಅಂಥ ಎಚ್ಚರಿಕೆ ಬೇಕಾಯಿತು ಎಂಬುದೇ ಎಚ್ಚರಿಕೆ ಮೀರುವವರು ಇದ್ದರು ಎಂಬುದಕ್ಕೂ ಸಾಕ್ಷಿ. ಎರಡನ್ನೂ ಒಟ್ಟಿಗೆ ಹಿಡಿಯಬೇಕು.

ಈ ವ್ಯವಸ್ಥೆ ಮುರಿದು ಬಿದ್ದ ಕಥೆಗೂ ಠಾಣೆಯೇ ನೆಲೆ, ಅದಕ್ಕೂ ಕುದುರೆಯವನೊಬ್ಬ ಕಾರಣ. ಪೇಶ್ವೆ ಎರಡನೆಯ ಬಾಜೀರಾಯನ ಮಂತ್ರಿ ತ್ರ್ಯಂಬಕಜೀ ಡೇಂಗಳೆಯನ್ನು ಬ್ರಿಟಿಷರು ಠಾಣೆಯ ಕೋಟೆಯಲ್ಲಿ ಸೆರೆಯಿಟ್ಟಿದ್ದರು. ಕಾವಲಿಗಿದ್ದವರು ಯುರೋಪಿಯನ್ನರು, ಮರಾಠಿ ಅರಿಯದವರು. ಅಲ್ಲಿನ ಅಧಿಕಾರಿಯೊಬ್ಬನ ಕುದುರೆ ನೋಡಿಕೊಳ್ಳಲು ಸೇರಿದ ಮರಾಠಿ ಆಳು ಕುದುರೆಯ ಮೈ ಉಜ್ಜುತ್ತಾ, ಕಡಿವಾಣ ಒರೆಸುತ್ತಾ ಹಾಡಿಕೊಂಡೇ ತಪ್ಪಿಸಿಕೊಳ್ಳುವ ಉಪಾಯವನ್ನು ಕಿಟಕಿಯೊಳಗಿನವನಿಗೆ ತಿಳಿಸಿದನಂತೆ. 1816ರ ಸೆಪ್ಟೆಂಬರಿನ ಮಳೆಯ ರಾತ್ರಿ ತ್ರ್ಯಂಬಕಜೀ ಪಾರಾದ. 1825ರಲ್ಲಿ ಈ ಕಡೆ ಬಂದ ಬಿಷಪ್ ಹೀಬರ್ ಈ ಕಥೆಯನ್ನು ತನ್ನ ಪ್ರವಾಸ ಕಥನದಲ್ಲಿ ದಾಖಲಿಸಿದ್ದಾನೆ. ಕಥೆಯ ಹಾಡು ಎಷ್ಟು ನಿಜವೋ, ಪರಿಣಾಮ ಮಾತ್ರ ನಿಜ. ಈ ಪರಾರಿಯಿಂದ ಕೆರಳಿದ ಈಸ್ಟ್ ಇಂಡಿಯಾ ಕಂಪನಿ 1817ರ ಜೂನ್ 13ರ ಪುಣೆ ಒಪ್ಪಂದದಲ್ಲಿ ಬಾಜೀರಾಯನಿಂದ ಉತ್ತರ ಕೊಂಕಣವನ್ನು ಬರೆಸಿಕೊಂಡಿತು, ಕಲ್ಯಾಣ ಹೋಯಿತು. ಅದೇ ಒಪ್ಪಂದದ ಬಲದಿಂದ ಪೇಶ್ವೆಯ ಖರ್ಚಿನಲ್ಲಿ, ಬ್ರಿಟಿಷರ ಕೈಯಲ್ಲಿ ಹುಟ್ಟಿದ್ದು ಪುಣೆಯ ಸಹಾಯಕ ರಾವುತ ಪಡೆ; ಇಂದಿನ ಭಾರತೀಯ ಸೇನೆಯ ಪೂನಾ ಹಾರ್ಸ್‌ನ ಮೂಲ ಅದು. ಒಂದೇ ಕಾಗದದಲ್ಲಿ ಹಳೆಯ ಸವಾರನ ಊರು ಒಬ್ಬರಿಗೆ, ಅವನ ಉದ್ಯೋಗ ಇನ್ನೊಂದು ರೂಪಕ್ಕೆ ಹೋಯಿತು.

ಕೆಲವರಿಗೆ ಹೊಸ ಪಡೆಯಲ್ಲಿ ಜಾಗ ಸಿಕ್ಕಿತು, ಹೆಚ್ಚಿನವರಿಗೆ ಇಲ್ಲ. ಇಲ್ಲಿ ಮೈಸೂರಿನ ಹೋಲಿಕೆ ಬೆಳಕು ಕೊಡುತ್ತದೆ. ಅಲ್ಲಿಯೂ ಹೈದರನ ಕಾಲದಿಂದ ಸರಕಾರಿ ಕುದುರೆಯ ರಾವುತರು, ಸ್ವಂತ ಕುದುರೆಯ ಸಿಲ್ಲೇದಾರರು ಎಂಬ ಅದೇ ಎರಡು ಬಗೆ. ಆದರೆ 1807ರ ಒಪ್ಪಂದ ಮೈಸೂರು ಅರಸರು ನಾಲ್ಕು ಸಾವಿರ ಕುದುರೆ ಇಟ್ಟಿರಬೇಕೆಂದು ವಿಧಿಸಿದ್ದರಿಂದ ಸಿಲ್ಲೇದಾರನ ಸಂಸಾರಕ್ಕೆ ಆಸರೆ ಉಳಿಯಿತು. 1817ರಲ್ಲಿ ಮಹೀದ್‌ಪುರದ ಕಾಳಗದಲ್ಲಿ ಹೋಳ್ಕರರ ವಿರುದ್ಧ ಮೈಸೂರಿನ ಸಿಲ್ಲೇದಾರರಿದ್ದರು. ಆ ಪರಂಪರೆಯಿಂದ ಬಂದ ಮೈಸೂರು ಲಾನ್ಸರ್ಸ್ 1914ರಲ್ಲಿ ಇದೇ ಮುಂಬಯಿ ಬಂದರಿನಿಂದ ಈಜಿಪ್ಟಿಗೆ ಹಡಗು ಹತ್ತಿ, 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಗೆದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಕಂಭವಿದೆ, ದಿಲ್ಲಿಯ ತೀನ್ ಮೂರ್ತಿಯ ಮೂವರಲ್ಲಿ ಒಬ್ಬ ಮೈಸೂರಿನವನು. ಕಲ್ಯಾಣದ ಸವಾರನಿಗೆ ಅಂಥ ಅರಸನೂ ಇರಲಿಲ್ಲ, ಕಂಭವೂ ಏಳಲಿಲ್ಲ. ಅವನು ಪೂರ್ತಿ ರೈತನಾದ. ಇದು ಸೋಲೆಂದು ನನಗೆ ಅನ್ನಿಸುವುದಿಲ್ಲ. ಮರಳಿ ಬರಲು ಗದ್ದೆ ಇತ್ತು, ಗದ್ದೆ ಉಳಿಸಿದ ಹೆಂಗಸರಿದ್ದರು. ಘಟ್ಟದ ಮೇಲೆ, ಮಧ್ಯ ಭಾರತದಲ್ಲಿ ನೆಲೆ ತಪ್ಪಿದ ಸವಾರರಲ್ಲಿ ಎಷ್ಟೋ ಮಂದಿ ಪಿಂಡಾರಿಗಳ ಪಾಲಾಗುತ್ತಿದ್ದ ಕಾಲ ಅದು.

ಕುದುರೆ ಹೋದರೂ ಕುದುರೆಯ ಹುಲ್ಲು ಹೋಗಲಿಲ್ಲ ಎಂಬುದು ಈ ಸೀಮೆಯ ವಿಶೇಷ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ, ಮರುವರ್ಷ ಕಲ್ಯಾಣಕ್ಕೆ ರೈಲು ಬಂತು. ಮುಂಬಯಿಯ ಬಗ್ಗಿಗಳು, ಸೈನ್ಯದ ಲಾಯಗಳು, 1874ರಿಂದ ಕುದುರೆ ಎಳೆಯುವ ಟ್ರಾಮುಗಳು, ಇವುಗಳಿಗೆಲ್ಲ ಒಣಹುಲ್ಲು ಬೇಕು. ಅದನ್ನು ಕೊಟ್ಟದ್ದರಲ್ಲಿ ಠಾಣೆ ಜಿಲ್ಲೆಯ ಗುಡ್ಡಗಾಡಿನ ಬೇಣಗಳ ಪಾಲು ದೊಡ್ಡದು. ಅಜ್ಜ ತನ್ನ ಕುದುರೆಗೆ ಕೊಯ್ದ ಹುಲ್ಲನ್ನು ಮೊಮ್ಮಗ ಪಟ್ಟಣದವರ ಕುದುರೆಗೆ ಕಟ್ಟಿ ಮಾರಿದ. ದೇವರ ಕೋಣೆಯಲ್ಲಿ ಕುದುರೆ ಹಾಗೆಯೇ ನಿಂತಿತು. ಮರಾಠ, ಕುಣಬಿ ಮನೆಗಳ ದೇವಘರದಲ್ಲಿ ಅಂಗೈಗಿಂತ ಚಿಕ್ಕದಾದ ಬೆಳ್ಳಿಯ ತಗಡುಗಳಿರುತ್ತವೆ, ಟಾಕ್ ಎನ್ನುತ್ತಾರೆ. ಹಿಂದಿನಿಂದ ಬಡಿದು ಮುಂದಕ್ಕೆ ಉಬ್ಬಿಸಿದ ಚಿತ್ರ: ಕುದುರೆಯ ಮೇಲೆ ಖಂಡೋಬ, ಜೊತೆಗೆ ಮ್ಹಾಳಸಾ, ಗೊರಸಿನ ಬಳಿ ನಾಯಿ. ನಮ್ಮ ಮೈಲಾರಲಿಂಗನೇ ಅವನು. ದಿನದಿನ ಅರಿಸಿನ ಹಚ್ಚಿ ತೊಳೆದು ಮುಖಗಳು ಸವೆದು ನುಣುಪಾದರೂ ಕುದುರೆಯ ಕತ್ತಿನ ಬಾಗು ಬೆರಳಿಗೆ ಸಿಗುತ್ತದೆ. ಕುಲದ ವೀರನಿಗೂ ಟಾಕ್ ಇರುವ ಮನೆಗಳಿವೆ. ನಾಶಿಕದ ಕಡೆ ಹೋಳಿಯ ಮರುದಿನ ಆ ವೀರರನ್ನು ಮೆರವಣಿಗೆಯಲ್ಲಿ ಒಯ್ಯುತ್ತಾರೆ. ಟಾಕ್ ಇದ್ದ ಮಾತ್ರಕ್ಕೆ ಆ ಮನೆಯಲ್ಲಿ ಸವಾರನಿದ್ದನೆಂದು ಸಾಧಿಸಿದಂತಾಗದು, ಖಂಡೋಬ ಕುರುಬನಿಗೂ ದೇವರೇ. ಆದರೆ ಭತ್ತ ಬೆಳೆದು ಬದುಕುವ ಮನೆ ತನ್ನ ಹಿರಿಯರನ್ನು ಕುದುರೆಯ ಮೇಲೆ ನೆನೆಯುತ್ತದೆ ಎಂಬುದು ಏನನ್ನೂ ಹೇಳುವುದಿಲ್ಲ ಎನ್ನುವುದೂ ಕಷ್ಟ.

ಇಪ್ಪತ್ತನೆಯ ಶತಮಾನದಲ್ಲಿ ದಂಡು ಮತ್ತೊಮ್ಮೆ ಈ ಗದ್ದೆಗಳಿಗೆ ಇಳಿಯಿತು. ಈ ಸಲ ಆಳು ಕೇಳಲಿಲ್ಲ, ನೆಲ ಕೇಳಿತು. ಎರಡನೆಯ ಮಹಾಯುದ್ಧದಲ್ಲಿ ಕಲ್ಯಾಣದ ಬಳಿ ದೊಡ್ಡ ಸೈನಿಕ ಶಿಬಿರ ಎದ್ದಿತು. ಯುದ್ಧ ಮುಗಿದ ಮೇಲೆ ಅದರ ಬ್ಯಾರಕ್‌ಗಳಿಗೆ ಸಿಂಧಿ ನಿರಾಶ್ರಿತರು ಬಂದರು, 1949ರಲ್ಲಿ ಅದು ಉಲ್ಹಾಸನಗರವಾಯಿತು. ಹತ್ತಿರದ ನೇವಾಳಿಯಲ್ಲಿ ವಿಮಾನಪಟ್ಟಿಗೆ ಹೋದ ಜಮೀನಿನ ವ್ಯಾಜ್ಯ ಇಂದಿಗೂ ಉಸಿರಾಡುತ್ತಿದೆ. 2017ರ ಜೂನ್‌ನಲ್ಲಿ ಅಲ್ಲಿ ಬೇಲಿ ಕಟ್ಟುವ ವಿಚಾರಕ್ಕೆ ಸುತ್ತಲಿನ ಹಳ್ಳಿಗರ ಹೋರಾಟ ಹಿಂಸೆಗೆ ತಿರುಗಿತು. ನವಿ ಮುಂಬಯಿಗಾಗಿ ಠಾಣೆ, ಪನವೇಲ, ಉರಣ ಸೀಮೆಯ 95 ಹಳ್ಳಿಗಳ ನೆಲ ಗುರುತಾಯಿತು. 1984ರ ಜನವರಿಯಲ್ಲಿ ಭೂಸ್ವಾಧೀನದ ವಿರುದ್ಧದ ಹೋರಾಟದಲ್ಲಿ ಜಾಸಯಿಯ ಬಳಿ ಪೊಲೀಸರ ಗುಂಡೇಟಿಗೆ ಐವರು ಸತ್ತರು, ದಿ. ಬಾ. ಪಾಟೀಲರ ನಾಯಕತ್ವದ ಆ ಹೋರಾಟದ ಫಲವಾಗಿ ಭೂಮಿ ಕೊಟ್ಟವರಿಗೆ ಶೇಕಡಾ 12.5ರಷ್ಟು ಅಭಿವೃದ್ಧಿಪಡಿಸಿದ ನಿವೇಶನ ಮರಳಿಸುವ ಯೋಜನೆ ಬಂತು. ಆ ನಿವೇಶನ ಸಾತ್‌ಬಾರಾ ಉತಾರದಲ್ಲಿ, ಎಂದರೆ ಜಮೀನಿನ ಪಹಣಿಯಲ್ಲಿ, ಹೆಸರಿದ್ದವರಿಗೆ. ಬ್ರಿಟಿಷರ ಮೋಜಣಿಯ ಕಾಲದಿಂದ ಆ ಕಾಗದ ಹೆಚ್ಚಾಗಿ ಗಂಡಸಿನ ಹೆಸರನ್ನೇ ಹೊತ್ತುಕೊಂಡು ಬಂದಿದೆ. ಮಹಾರಾಷ್ಟ್ರದಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲೆಂಬ ತಿದ್ದುಪಡಿ ಬಂದದ್ದು 1994ರಲ್ಲಿ, ನಮ್ಮ ಕರ್ನಾಟಕದಲ್ಲೂ ಅದೇ ವರ್ಷ. ಅಷ್ಟರಲ್ಲಿ ನವಿ ಮುಂಬಯಿಯ ಗದ್ದೆಗಳಲ್ಲಿ ಹೆಚ್ಚಿನವು ಗದ್ದೆಗಳಾಗಿ ಉಳಿದಿರಲಿಲ್ಲ. ಯಾರಿಲ್ಲದಿದ್ದರೆ ಗದ್ದೆ ಉಳಿಯುತ್ತಿರಲಿಲ್ಲವೋ ಅವರ ಹೆಸರು ಗದ್ದೆಯ ಕಾಗದಕ್ಕೆ ಏರುವ ಹೊತ್ತಿಗೆ ಗದ್ದೆಯೇ ಇರಲಿಲ್ಲ. ಬಾಲಪರವೇಶಿ ಕೊಟ್ಟ ಹಳೆಯ ರಾಜ್ಯ ಸಂಸಾರವನ್ನು ಕಂಡಿತ್ತು. ಹೊಸ ರಾಜ್ಯ ಖಾತೆದಾರನನ್ನು ಮಾತ್ರ ಕಂಡಿತು.

ಡೊಂಬಿವಲಿ, ಕಲ್ಯಾಣ, ಠಾಣೆ, ನವಿ ಮುಂಬಯಿಗಳಲ್ಲಿ ಕನ್ನಡ ಸಂಘಗಳಿಗೆ ಕೊರತೆಯಿಲ್ಲ. ನಮ್ಮವರು ಬಂದ ಕಥೆಯನ್ನು ಅವು ಬರೆಸುತ್ತಿವೆ, ಬರೆಸಲಿ. ಅದರ ಜೊತೆಗೆ ನಮಗೆ ಜಾಗ ಕೊಟ್ಟ ಗಾವ್‌ಠಾಣಗಳ, ಎಂದರೆ ಹಳೆಯ ಹಳ್ಳಿನೆಲೆಗಳ, ಕಥೆಯನ್ನೂ ಬರೆಸುವುದು ನಮ್ಮ ಹೊಣೆ. ಸಾಮಗ್ರಿ ಇದೆ. ಪುಣೆಯಲ್ಲಿ ಪೇಶ್ವೆ ದಫ್ತರವಿದೆ, ಅದರಿಂದ ಜಿ. ಎಸ್. ಸರದೇಸಾಯಿ 1930ರ ದಶಕದಲ್ಲಿ ಆಯ್ದು ಪ್ರಕಟಿಸಿದ 45 ಸಂಪುಟಗಳು ರಾಶಿಯಲ್ಲಿ ಒಂದು ಹಿಡಿ ಮಾತ್ರ. ಉಳಿದದ್ದು ಮೋಡಿ ಲಿಪಿಯಲ್ಲಿದೆ. ಬೆಳಗಾವಿ, ಧಾರವಾಡದ ಹಳೆಯ ಮನೆಗಳಲ್ಲೂ ಮೋಡಿ ಕಾಗದಗಳಿವೆ, ಆದ್ದರಿಂದ ಆ ಲಿಪಿ ನಮಗೂ ಪರಕೀಯವಲ್ಲ. ಈ ಊರುಗಳ ಕನ್ನಡ ಸಂಘಗಳು ನಾಲ್ಕು ಹುಡುಗ ಹುಡುಗಿಯರಿಗೆ ಮೋಡಿ ಕಲಿಸಲಿ, ಕಲ್ಯಾಣ ಪ್ರಾಂತದ ಬಾಲಪರವೇಶಿಯ ನಮೂದುಗಳನ್ನು ಹುಡುಕಿಸಲಿ, ಗಾವ್‌ಠಾಣಗಳ ಹಿರಿಯ ಹೆಂಗಸರು ಇರುವಾಗಲೇ ರಾಬ್ ಸುಟ್ಟ ಕೈಗಳ ಮಾತನ್ನು ಧ್ವನಿಮುದ್ರಿಸಿಕೊಳ್ಳಲಿ.